ಎಮ್ಮೆಯ ಹೆಸರಿನ ಹಗ್ಗ

ಮೊದಲು ಒಂದು ಒಗಟು. ಕೊಟ್ಟಿಗೆಯಲ್ಲಿ ಕಟ್ಟಿರುತ್ತೆ, ಊರೆಲ್ಲ ಸುತ್ತುತ್ತೆ. ಹುಲ್ಲು ತಿನ್ನಲ್ಲ, ಆದರೆ ಹಿಡಿ ಹುಲ್ಲು ಹಾಕದಿದ್ದರೆ ಗೂಟ ಬಿಟ್ಟು ಏಳಲ್ಲ. ಹಾಲು ಕೊಡಲ್ಲ, ಆದರೆ ಅದಿಲ್ಲದೆ ಹಾಲಿಲ್ಲ. ಹೇಳಿ ನೋಡೋಣ, ಏನದು?

ತಲೆ ಕೆರೆದುಕೊಳ್ಳಬೇಡಿ, ಗೊತ್ತಾಗಲ್ಲ. ಗೊತ್ತಾದರೂ ಹೇಳೋಕಾಗಲ್ಲ, ಯಾಕಂದರೆ ಹಗ್ಗ ನಿಮ್ಮ ಹತ್ತಿರ ಇಲ್ಲ.

ಒಂದು ಊರಿತ್ತು. ಆ ಊರಿನಲ್ಲಿ ಪ್ರಾಣಿಗಳ ಹೆಸರು ನಮ್ಮಲ್ಲಿಯ ಹಾಗೆ ಬಾಯಿಂದ ಬಾಯಿಗೆ ಬಿಟ್ಟಿ ಓಡಾಡುತ್ತಿರಲಿಲ್ಲ. ಒಂದೊಂದು ಹೆಸರು ಒಂದೊಂದು ಹಗ್ಗದಲ್ಲಿತ್ತು, ಒಂದೊಂದು ಹಗ್ಗ ಒಂದೊಂದು ಮನೆಯ ಗೂಟದಲ್ಲಿತ್ತು. ಕುರಿಯ ಹೆಸರು ಕಂಬಳಿ ನೇಯುವವನ ಮನೆಯಲ್ಲಿ, ಕತ್ತೆಯ ಹೆಸರು ಉಪ್ಪು ಮಾರುವವನ ಮನೆಯಲ್ಲಿ. ಹೆಸರು ಬೇಕಾದವನು ಆ ಮನೆ ಬಾಗಿಲಿಗೆ ಹೋಗಬೇಕು. ಹಿಡಿ ಹುಲ್ಲು ಹಾಕಬೇಕು, ಹಗ್ಗ ಬಿಚ್ಚಬೇಕು, ಮಣಿಕಟ್ಟಿಗೆ ಸುತ್ತಬೇಕು, ಹೆಸರು ಆಡಬೇಕು, ಹೊತ್ತು ಮುಳುಗುವುದರೊಳಗೆ ಹಗ್ಗ ತಂದು ಗೂಟಕ್ಕೆ ಕಟ್ಟಬೇಕು. ಕೈಯಲ್ಲಿ ಯಾವ ಹಗ್ಗವೋ ಬಾಯಲ್ಲಿ ಅದೇ ಹೆಸರು. ತಡ ಮಾಡಿದರೆ ಹಗ್ಗ ತಾನಾಗಿ ಕೈಯನ್ನು ಬಿಗಿಯುತ್ತಿತ್ತು. ಹಗ್ಗವೇ ಇಲ್ಲದೆ ಹೆಸರು ಹೇಳಲು ಹೋದರೆ ಬಾಯಿ ತೆರೆಯುತ್ತಿತ್ತು, ತುಟಿ ಅಲ್ಲಾಡುತ್ತಿತ್ತು, ಬರೀ ಗಾಳಿ ಬರುತ್ತಿತ್ತು.

ನೀನು ಮಾತ್ರ ಸಲೀಸಾಗಿ ಹೇಳ್ತಿದೀಯಲ್ಲ ಅಂತೀರಾ? ನಾನು ಆ ಊರಿನವನಲ್ಲ.

ಆ ಊರಿನಲ್ಲಿ ಒಂದು ಗೋಡೆಗೆ ಎರಡು ಮನೆ, ಒಂದು ಅಂಗಳಕ್ಕೆ ಎರಡು ಬಾಗಿಲು, ಒಬ್ಬ ಅತ್ತೆಗೆ ಇಬ್ಬರು ಸೊಸೆಯರು. ಗಂಡಂದಿರೂ ಇದ್ದರು. ಕತೆಯಲ್ಲಿ ಅವರಿಗೆ ಕೆಲಸವಿಲ್ಲದ್ದರಿಂದ ಹೊಲಕ್ಕೆ ಕಳಿಸಿದ್ದೇನೆ.

ಅತ್ತೆ ಕಣ್ಣು ಮುಚ್ಚುವ ಮುಂಚೆ ಎರಡೂ ಕೈಗೆ ಒಂದೊಂದು ಹಗ್ಗ ಸುತ್ತಿಕೊಂಡು ಸೊಸೆಯರನ್ನು ಕರೆದಳು. "ಹಿರಿಯವಳಿಗೆ ಹಸು," ಅಂದಳು. "ಕಿರಿಯವಳಿಗೆ ಎಮ್ಮೆ."

"ಯಾಕತ್ತೆ ಹಾಗೆ?" ಅಂದಳು ಕಿರಿಸೊಸೆ.

"ಅವಳು ಮೊದಲು ಬಂದಳು."

ಇಷ್ಟು ಹೇಳಿ ಸತ್ತಳು. ಸತ್ತವರ ಜೊತೆ ಜಗಳ ಆಡೋದು ಹೇಗೆ? ಆಡದೆ ಉಳಿದ ಆ ಜಗಳವನ್ನು ಕಿರಿಸೊಸೆ ಹೊಟ್ಟೆಯಲ್ಲೇ ಇಟ್ಟುಕೊಂಡಳು. ಅಲ್ಲಿ ಅದು ಬೆಚ್ಚಗೆ ಕೂತು ಮರಿ ಹಾಕಿತು.

ಹಿರಿಸೊಸೆಯ ಕೊಟ್ಟಿಗೆಯಲ್ಲಿ ಹಸು ಇರಲಿಲ್ಲ. ಹಿಂದೆ ಇತ್ತಂತೆ, ಮುದಿಯಾಗಿ ಹೋಯಿತಂತೆ, ಊರಿನಲ್ಲಿ ಮತ್ತೊಂದು ಹುಟ್ಟಲಿಲ್ಲವಂತೆ. ಉಳಿದದ್ದು ಒಂದು ಗೂಟ, ಒಂದು ಹಗ್ಗ, ಒಂದು ದೀಪ. ಬೆಳಗಾದರೆ ಹಿರಿಸೊಸೆ ಖಾಲಿ ಕೊಟ್ಟಿಗೆ ಗುಡಿಸುವಳು, ರಂಗೋಲಿ ಇಡುವಳು, ದೀಪ ಹಚ್ಚುವಳು, ಹಗ್ಗ ಮಣಿಕಟ್ಟಿಗೆ ಸುತ್ತಿಕೊಂಡು "ಹಸು, ಬಾರಮ್ಮ" ಅಂತ ಕರೆಯುವಳು. ಯಾರೂ ಬರುತ್ತಿರಲಿಲ್ಲ. ದಿನಾ ಕರೆಯುತ್ತಿದ್ದಳು, ದಿನಾ ಯಾರೂ ಬರುತ್ತಿರಲಿಲ್ಲ.

ಕಿರಿಸೊಸೆಯ ಕೊಟ್ಟಿಗೆಯಲ್ಲಿ ಎಮ್ಮೆ ಇತ್ತು. ನಿಜವಾದ ಎಮ್ಮೆ. ಬಾಣಲೆಯ ತಳದ ಬಣ್ಣ, ಹಿಂದಕ್ಕೆ ಬಾಗಿದ ಕೊಂಬು, ಹಣೆಯ ಮೇಲೆ ಯಾರೋ ಬೆರಳಲ್ಲಿ ಸುಣ್ಣ ಒತ್ತಿದ ಹಾಗೆ ಒಂದು ಬಿಳಿ ಚುಕ್ಕೆ. ಅದರ ಪಕ್ಕದಲ್ಲಿ ಒಂದು ಎಳೆಗರು. ಯಾವ ಕಾಲು ಮೊದಲು ಇಡಬೇಕು ಅಂತ ಅದಿನ್ನೂ ಯೋಚನೆ ಮಾಡುತ್ತಿತ್ತು. ಕರು ಅನ್ನುವ ಮಾತಿಗೆ ಮಾತ್ರ ಆ ಊರಿನಲ್ಲಿ ಹಗ್ಗ ಇರಲಿಲ್ಲ. ಯಾರು ಬೇಕಾದರೂ, ಯಾವಾಗ ಬೇಕಾದರೂ ಕರು ಅನ್ನಬಹುದಿತ್ತು. ಅಷ್ಟು ಚಿಕ್ಕ ಕುತ್ತಿಗೆಗೆ ಹಗ್ಗ ಹೊಸೆಯಲು ಯಾರಿಗೂ ಮನಸ್ಸು ಬಂದಿರಲಿಲ್ಲವೇನೋ.

ಬೆಳಗಾದರೆ ಕಿರಿಸೊಸೆ ಹಗ್ಗ ಸುತ್ತಿಕೊಂಡು, ಎಮ್ಮೆಯ ಕಿವಿಗೆ ಬಾಯಿಟ್ಟು, "ಎಮ್ಮೆ, ನಮ್ಮವ್ವ, ಇಳಿಸೇ" ಅನ್ನುವಳು. ಹೆಸರು ಕಿವಿಗೆ ಬೀಳಬೇಕು, ಪರಿಚಯದ ಕೈ ಕೆಚ್ಚಲಿಗೆ ತಾಗಬೇಕು, ಆಗ ಮಾತ್ರ ಎಮ್ಮೆ ಹಾಲು ಇಳಿಸುತ್ತಿತ್ತು. ಎರಡರಲ್ಲಿ ಒಂದು ತಪ್ಪಿದರೂ ಕಲ್ಲಿನ ಹಾಗೆ ನಿಲ್ಲುತ್ತಿತ್ತು. ಆಗ ಕರು ಗುದ್ದಿದರೂ ಅಷ್ಟೇ, ದೇವರು ಗುದ್ದಿದರೂ ಅಷ್ಟೇ. ಊರಿನ ಮೊಸರು, ಊರಿನ ಮಜ್ಜಿಗೆ, ಊರಿನ ಬೆಣ್ಣೆ ಎಲ್ಲ ಅದರದ್ದೇ. ಗೋಡೆಯಾಚೆ ಹಿರಿಸೊಸೆಯ ದೇವರ ದೀಪದ ತುಪ್ಪ ಕೂಡ.

ಆದರೆ ಯಾರು ಯಾರ ಬಾಗಿಲಿಗೆ ಬರುತ್ತಿದ್ದರು ಅಂತ ನೋಡಿ.

ಹಿರಿಸೊಸೆಯ ಬಾಗಿಲಿಗೆ ಹೊಗಳುವವರು ಬರುತ್ತಿದ್ದರು. ಮದುವೆ ದಲ್ಲಾಳಿ ಬರುವನು, "ಹುಡುಗಿ ಹಸು ಕಣ್ರೀ, ತಲೆ ಎತ್ತಿದ್ದು ನೋಡಿಲ್ಲ" ಅನ್ನಬೇಕು ಅವನಿಗೆ. ಹೊಸ ಸೊಸೆ ಬಂದ ಮನೆಯ ಮುದುಕಿ ಬರುವಳು, ತೊಟ್ಟಿಲು ತೂಗುವ ತಾಯಿ ಬರುವಳು. ಅವರೆಲ್ಲ ಹಸಿಹುಲ್ಲು ತರುತ್ತಿದ್ದರು. ಹಗ್ಗ ವಾಪಸು ಬಂದಾಗ ಅದಕ್ಕೆ ಕುಂಕುಮ ಅಂಟಿರುತ್ತಿತ್ತು, ಮಲ್ಲಿಗೆಯ ವಾಸನೆ ಇರುತ್ತಿತ್ತು. ತಿನ್ನುವ ಬಾಯಿಲ್ಲದ ಕೊಟ್ಟಿಗೆಯಲ್ಲಿ ಹಸಿಹುಲ್ಲು ಬಣವೆಯಾಗಿ ಬೆಳೆದು ಒಣಗುತ್ತಿತ್ತು.

ಕಿರಿಸೊಸೆಯ ಬಾಗಿಲಿಗೆ ಬೈಯುವವರು ಬರುತ್ತಿದ್ದರು. ಗಂಡನಿಗೆ ಬೈಯುವ ಹೆಂಡತಿ, ಮಗಳಿಗೆ ಬೈಯುವ ತಾಯಿ, ದಾರಿಗಡ್ಡ ನಿಂತವನಿಗೆ ಬೈಯುವ ಗಾಡಿಯವನು. ಅವರು ಒಣಹುಲ್ಲು ತರುತ್ತಿದ್ದರು, ಅದನ್ನೂ ಎಸೆಯುತ್ತಿದ್ದರು. ಎಲ್ಲರಿಗಿಂತ ಮೊದಲು ಬರುತ್ತಿದ್ದವರು ಮೇಷ್ಟ್ರು. ಅವರು ಹಗ್ಗ ಸುತ್ತಿಕೊಂಡು ಸ್ಕೂಲಿಗೆ ಹೋದರೆ ಗಂಟೆ ಹೊಡೆಯುವವರೆಗೂ ಬಿಚ್ಚುತ್ತಿರಲಿಲ್ಲ. ಹಿಂದಿನ ಬೆಂಚಿನಿಂದ ಶುರುಮಾಡಿ ಮುಂದಕ್ಕೆ ಬರುತ್ತಿದ್ದರು. ಸಂಜೆ ಹಗ್ಗ ವಾಪಸು ಬಂದಾಗ ಬೆವರಿರುತ್ತಿತ್ತು.

"ಮೇಷ್ಟ್ರೇ, ಒಂದು ದಿನನಾದ್ರೂ ಇದನ್ನ ಒಳ್ಳೇದಕ್ಕೆ ಬಳಸಬಾರದಾ?" ಅಂತ ಕಿರಿಸೊಸೆ ಒಂದು ಸಲ ಕೇಳಿದಳು. "ಹಾಲು ಕೊಡುತ್ತೆ ಅಂತ ಪಾಠ ಮಾಡಿ."

"ಹಾಲಿನ ಪಾಠಕ್ಕೆ ಪಕ್ಕದ ಮನೆ ಹಗ್ಗ ಅಲ್ವೇನಮ್ಮ? ಪುಸ್ತಕದಲ್ಲಿ ಹಾಗೇ ಇರೋದು."

"ಪಕ್ಕದ ಮನೇಲಿ ಹಾಲೆಲ್ಲಿದೆ?"

"ಪುಸ್ತಕದಲ್ಲಿದೆಯಲ್ಲ," ಅಂದರು ಮೇಷ್ಟ್ರು. ಹೊರಡುವಾಗ ಅವಳ ಮನೆಯ ಮಜ್ಜಿಗೆಯನ್ನೇ ಕುಡಿದು ಮೀಸೆ ಒರೆಸಿಕೊಂಡರು.

ಒಲೆ ಹತ್ತುವ ಮುಂಚೆ ಕಿರಿಸೊಸೆಯ ಹೊಟ್ಟೆ ಹತ್ತಿಕೊಂಡಿರುತ್ತಿತ್ತು. ಅವಳು ಗೋಡೆಗೆ ಕಿವಿಯಿಟ್ಟು ಕೇಳುವಳು. ಆಚೆ ಬಳೆ ಸದ್ದು, ನಗು, ಹಸು ಹಸು ಅನ್ನುವ ಮೆತ್ತನೆ ಮಾತು. ಈಚೆ ಅವಳು, ಸಗಣಿ ಬುಟ್ಟಿ, ಮತ್ತು ಬೆವರಿದ ಹಗ್ಗ. ತನ್ನ ಎಮ್ಮೆಯನ್ನು ನೋಡುವಳು. ಅದು ಮೆಲುಕು ಹಾಕುತ್ತ ಅವಳನ್ನು ನೋಡುವುದು. "ನೀನು ಬೆಳ್ಳಗಾದ್ರೂ ಇರಬಾರದಿತ್ತೇನೆ?" ಅನ್ನುವಳು. ಎಮ್ಮೆ ಕಿವಿ ಬಡಿಯುವುದು. ಹೆಸರು ಹಿಡಿದು ಕೇಳಿದರೆ ತಾನೇ ಅದಕ್ಕೆ ಮಾತು?

ಕೆರೆ ತುಂಬಿದಾಗ ಆ ಊರಿನಲ್ಲಿ ಹಗ್ಗ ತೊಳೆಯುವ ದಿನ ಬರುತ್ತಿತ್ತು. ಎಲ್ಲ ಮನೆಯವರೂ ಹಗ್ಗ ತಂದು ಕೆರೆಯಲ್ಲಿ ಅದ್ದಿ, ಕಲ್ಲಿನ ಮೇಲೆ ಬಡಿದು, ಏರಿಯ ಮೇಲೆ ಹರವುವರು. ಒದ್ದೆ ಹಗ್ಗದಲ್ಲಿ ಹೆಸರು ನಿಲ್ಲುವುದಿಲ್ಲವಾದ್ದರಿಂದ ಆ ದಿನ ಊರಿಗೆ ಊರೇ ಮೂಗ. ನಾಯಿ ಕಚ್ಚಲು ಬಂದರೂ "ಅದು ಬಂತು, ಅದು ಬಂತು" ಅಂತ ಓಡುವರು. ಒಣಗಿದ ಹಗ್ಗವನ್ನು ಮನೆಗೆ ಒಯ್ದು ಯಾವ ಗೂಟಕ್ಕೆ ಕಟ್ಟುತ್ತಾರೋ, ಮುಂದಿನ ಸಲ ಕೆರೆ ತುಂಬುವವರೆಗೆ ಅದು ಆ ಗೂಟದ್ದೇ. ಬೇರೆ ಗೂಟಕ್ಕೆ ಗಂಟು ನಿಲ್ಲುತ್ತಿರಲಿಲ್ಲ. ಹಗ್ಗವನ್ನು ಯಾರೂ ಕಾಯುತ್ತಿರಲಿಲ್ಲ. ಇನ್ನೊಬ್ಬರ ಹೆಸರನ್ನು ಯಾರು ಕದಿಯುತ್ತಾರೆ?

ಹಿರಿಸೊಸೆ ಏರಿಯ ಮೇಲೆ ಹಗ್ಗ ಹರವಿ, ಮುಖ ತೊಳೆಯಲು ನೀರಿಗೆ ಬಾಗಿದಳು. ಕಿರಿಸೊಸೆ ನೋಡಿದಳು. ಎರಡು ಹಗ್ಗ ಪಕ್ಕಪಕ್ಕ ಮಲಗಿದ್ದವು. ಎರಡೂ ಒದ್ದೆ, ಎರಡೂ ಕಂದು, ಕುಂಕುಮ ಹೋಗಿತ್ತು, ಬೆವರು ಹೋಗಿತ್ತು. ಅವಳ ಕೈ ಅವಳನ್ನು ಕೇಳಲಿಲ್ಲ. ಇದನ್ನು ಅಲ್ಲಿಟ್ಟಿತು, ಅದನ್ನು ಇಲ್ಲಿಟ್ಟಿತು. ಅಷ್ಟೇ. ಕಳ್ಳತನ ಅಂದರೆ ಗೋಡೆಗೆ ಕನ್ನ ಹಾಕೋದು, ಮುಖಕ್ಕೆ ಮಸಿ ಬಳಿದುಕೊಳ್ಳೋದು ಅಂತೆಲ್ಲ ನಾನೂ ಅಂದುಕೊಂಡಿದ್ದೆ.

ಮಾರನೆಯ ಬೆಳಗ್ಗೆ ಕಿರಿಸೊಸೆ ಕೊಟ್ಟಿಗೆ ಗುಡಿಸಿದಳು. ರಂಗೋಲಿ ಇಟ್ಟಳು, ದೀಪ ಹಚ್ಚಿದಳು, ಒಳ್ಳೆಯ ಸೀರೆ ಉಟ್ಟಳು. ಹಗ್ಗ ಮಣಿಕಟ್ಟಿಗೆ ಸುತ್ತಿಕೊಂಡಳು. ಅದು ಹಗುರವಾಗಿತ್ತು, ಒಳಗೆ ಏನೂ ಇಲ್ಲದಷ್ಟು ಹಗುರ. ಎಮ್ಮೆಯ ಕಿವಿಗೆ ಬಾಯಿಟ್ಟು, "ಹಸು, ಬಾರಮ್ಮ" ಅಂದಳು. ಆಹಾ, ಎಂಥಾ ಹೆಸರು! ಬಾಯಿ ತುಂಬಿತು.

ಎಮ್ಮೆ ಮೆಲುಕು ಹಾಕಿತು. ಪಕ್ಕದಲ್ಲಿ ಬೇರೆ ಯಾರನ್ನೋ ಕರೆದರೇನೋ ಅನ್ನುವ ಹಾಗೆ ಸ್ವಲ್ಪ ಸರಿದು ದಾರಿ ಬಿಟ್ಟಿತು.

ಅಷ್ಟರಲ್ಲಿ ಗೋಡೆಯಾಚೆಯಿಂದ ಹಿರಿಸೊಸೆಯ ದನಿ, ದಿನದ ದನಿ, ದಿನದ ಮಾತು. "ಎಮ್ಮೆ, ಬಾರಮ್ಮ."

ಮತ್ತೆ ಆ ದನಿ, ಈ ಸಲ ಸಣ್ಣಗೆ, ಬಾಯಿಗೆ ಹೊಸ ರುಚಿ ಸಿಕ್ಕವರ ಹಾಗೆ, "ಎಮ್ಮೆ?"

ಎಮ್ಮೆಯ ಎರಡೂ ಕಿವಿ ನಿಮಿರಿದವು. ಕೊರಳಿನ ಕಣ್ಣಿ ಕಿತ್ತುಕೊಂಡು, ರಂಗೋಲಿ ತುಳಿದು, ದೀಪ ಉರುಳಿಸಿ, ಅಂಗಳ ದಾಟಿ, ಅದು ಹಿರಿಸೊಸೆಯ ಖಾಲಿ ಕೊಟ್ಟಿಗೆಗೆ ಹೋಗಿ ನಿಂತಿತು. ಎಷ್ಟೋ ವರ್ಷದಿಂದ ಕರೆದದ್ದಕ್ಕೆ ಇವತ್ತು ಓಗೊಟ್ಟ ಹಾಗೆ. ಹಿರಿಸೊಸೆ ಹೊರಗೆ ಬಂದು ಆಚೆ ಈಚೆ ನೋಡಿ ಬಾಗಿಲು ಹಾಕಿಕೊಂಡಳು. ಅಗಳಿ ಬಿದ್ದ ಸದ್ದು ಈಚೆಗೆ ಕೇಳಿಸಿತು.

"ಹೋದರೆ ಹೋಗಲಿ ಕರಿಮೂತಿ," ಅಂದುಕೊಂಡಳು ಕಿರಿಸೊಸೆ. "ಹೆಸರು ನನಗೆ ಬಂತಲ್ಲ." ಬಾಗಿಲಲ್ಲಿ ಅರಿಸಿನ ಕುಂಕುಮದ ತಟ್ಟೆ ಹಿಡಿದು ನಿಂತಳು. ಹೊಗಳುವವರು ಬರಲಿ ಅಂತ.

ಮೇಷ್ಟ್ರು ಬಂದರು.

"ಏನಮ್ಮ, ಮನೇಲಿ ಹಬ್ಬವೇ?" ಅಂದು ಒಣಹುಲ್ಲು ಎಸೆದು, ಹಗ್ಗ ಸುತ್ತಿಕೊಂಡು ಹೊರಟರು. ಈಗ ಹೇಗೆ ಬೈತಾರೋ ನೋಡೇಬಿಡ್ತೀನಿ ಅಂತ ಅವಳು ಹಿಂದೆಯೇ ಹೋಗಿ ಸ್ಕೂಲಿನ ಕಿಟಕಿಯಲ್ಲಿ ಇಣುಕಿದಳು.

ಮೇಷ್ಟ್ರು ಹಿಂದಿನ ಬೆಂಚಿಗೆ ಕೋಲು ತೋರಿಸಿದರು. "ಏಯ್ ಹಸು! ಲೆಕ್ಕ ಎಲ್ಲೋ? ಹಸು ಥರ ಕಣ್ ಕಣ್ ಬಿಡ್ತೀಯಲ್ಲೋ, ಬೆಂಚಿನ ಮೇಲೆ ನಿಲ್ಲೋ!"

ಹಿಂದಿನ ಬೆಂಚಿನವರು ನಕ್ಕರು. ನಕ್ಕವರಿಗೆ ಎರಡು ಬಿತ್ತು. ಮಾರನೆಯ ದಿನ ಯಾರೂ ನಗಲಿಲ್ಲ. ಅದರ ಮಾರನೆಯ ದಿನ ಒಬ್ಬನಿಗೆ ಹಸು ಅಂದಾಗ ಅವನ ಕಣ್ಣಲ್ಲಿ ನೀರು ಬಂತು. ಬೀದಿಯಲ್ಲಿ ಗಾಡಿಯವನು "ಹಸು, ದಾರಿ ಬಿಡು!" ಅಂತ ಕಿರುಚಿದ. ಅನ್ನಿಸಿಕೊಂಡವನು "ಯಾರಿಗೋ ಹಾಗಂತೀಯ? ನಿಮ್ಮಪ್ಪ ಅದು!" ಅಂತ ಕೊರಳುಪಟ್ಟಿ ಹಿಡಿದ.

ಆ ಊರಿನವರು ಹೆಸರನ್ನು ಕಿವಿಯಿಂದ ಕೇಳುತ್ತಲೇ ಇರಲಿಲ್ಲ. ಹಗ್ಗ ಯಾವ ಬಾಗಿಲಿನಿಂದ ಬಂತು ಅಂತ ನೋಡುತ್ತಿದ್ದರು. ಆ ಬಾಗಿಲಿನದಾದರೆ ಹೊಗಳಿಕೆ, ಈ ಬಾಗಿಲಿನದಾದರೆ ಬೈಗುಳ. ಹೆಸರು ಯಾವುದಾದರೇನು, ಅಭ್ಯಾಸ ಹಳೆಯದು.

ಗೋಡೆಯಾಚೆ ಹೊಸ ಸೊಸೆಯ ಅತ್ತೆ ಬಂದಿದ್ದಳು. ಕಿರಿಸೊಸೆ ಕಿವಿಯಿಟ್ಟು ಕೇಳಿದಳು.

"ನಮ್ಮ ಸೊಸೆ ಎಮ್ಮೆ ಕಣಮ್ಮ! ಪಾಪ, ಒಂದು ಮಾತು ಎದುರಾಡಲ್ಲ."

"ಅತ್ತೆ, ಹೋಗಿ ಅತ್ತೆ," ಅಂತ ಆ ಹುಡುಗಿ ನಾಚಿಕೊಂಡ ಸದ್ದು.

ಕಿರಿಸೊಸೆ ಗೋಡೆಗೆ ಹಣೆ ಒತ್ತಿದಳು. ಇಷ್ಟು ದಿನ ಉರಿದದ್ದು ಪಕ್ಕದವಳ ಹೆಸರಿಗೆ. ಈಗ ಉರಿಯುತ್ತಿರುವುದು ತನ್ನದೇ ಹೆಸರಿಗೆ. ನಾವು ಬೇಡ ಅಂತ ಕೊಟ್ಟ ಸೀರೆಯನ್ನು ಇನ್ನೊಬ್ಬಳು ಉಟ್ಟುಕೊಂಡು ಬೀದಿಯಲ್ಲಿ ಬಂದಾಗ ಎಷ್ಟು ಚೆಂದ ಕಾಣುತ್ತೆ ಅಲ್ಲವೇ? ಹಾಗೆ. ಎಮ್ಮೆ. ಎಂಥಾ ದುಂಡನೆಯ ಮಾತು. ಬಾಯಿ ಮುಚ್ಚಿ ತೆರೆದರೆ ಬೆಣ್ಣೆ ಉಂಡೆ ಹೊರಬಿದ್ದ ಹಾಗೆ. ಇದು ತನ್ನ ಗೂಟದಲ್ಲಿದ್ದಾಗ ಯಾಕೆ ಕೇಳಿಸಲಿಲ್ಲ? ಅವಳು ಹೇಳಿ ನೋಡಿದಳು. ತುಟಿ ಸೇರಿತು, ಬಿಟ್ಟಿತು. ಬರೀ ಗಾಳಿ.

ಇತ್ತ ಕರು ಕೂಗಲು ಶುರುಮಾಡಿತ್ತು. ಆಚೆ ಎಮ್ಮೆ ಹೆಸರಿಗೆ ಓಗೊಟ್ಟು ಹೋಗಿತ್ತೇ ಹೊರತು ಹಾಲು ಇಳಿಸಿರಲಿಲ್ಲ. ಹಿರಿಸೊಸೆಯ ಬಾಯಲ್ಲಿ ಹೆಸರಿತ್ತು, ಕೈ ಪರಿಚಯದ್ದಲ್ಲ. ಈಚೆ ಪರಿಚಯದ ಕೈ ಇತ್ತು, ಹೆಸರಿಲ್ಲ. ಊರಿನ ಮೊಸರಿನ ಗಡಿಗೆಗಳು ಒಣಗಿದವು. ಕರುವಿನ ಪಕ್ಕೆ ಒಳಗೆ ಹೋಯಿತು.

ಕಿರಿಸೊಸೆ ಹೋಗಿ ಪಕ್ಕದ ಬಾಗಿಲು ತಟ್ಟಿದಳು. ಅಗಳಿ ತೆಗೆಯದೆ, ಬಾಗಿಲ ಸಂದಿಯಿಂದ ಹಿರಿಸೊಸೆ ಒಂದು ಕಣ್ಣು ತೋರಿಸಿದಳು.

"ಅಕ್ಕ, ನಮ್ಮನೇದು ನಿಮ್ಮನೆಗೆ ಬಂದಿದೆ."

"ಏನು ಬಂದಿದೆ ತಂಗಿ?"

"ಅದೇ. ನಮ್ಮದು."

"ಹೆಸರು ಹೇಳು, ಹುಡುಕಿ ಕೊಡ್ತೀನಿ."

ಕಿರಿಸೊಸೆ ಬಾಯಿ ತೆರೆದಳು, ಮುಚ್ಚಿದಳು. "ಕಪ್ಪಗಿರೋದು."

"ಕಪ್ಪಗೆ ನಮ್ಮನೆ ಬಾಣಲೆನೂ ಇದೆ. ತಂದುಕೊಡ್ಲಾ?"

"ನಾಲ್ಕು ಕಾಲಿಂದು ಅಕ್ಕ."

"ಮಂಚಕ್ಕೂ ನಾಲ್ಕು ಕಾಲು. ನಿನ್ನ ಭಾವ ಹೊಲಕ್ಕೆ ಹೋಗಿದ್ದಾರೆ, ಖಾಲಿನೇ ಇದೆ, ಎತ್ತಿಕೊಡಲಾ?"

"ಆಟ ಆಡಬೇಡ! ಒಳಗೆ ಬಾಲ ಬಡೀತಿರೋದು ನನಗೆ ಕೇಳಿಸ್ತಿದೆ!"

"ಹಾಗಾದ್ರೆ ಸಾಲಲ್ಲಿ ನಿಂತು, ಹುಲ್ಲು ಹಾಕಿ, ಹಗ್ಗ ತಗೊಂಡು, ಹೆಸರು ಹೇಳಿ ಕರಿ. ಬಂದರೆ ಕರಕೊಂಡು ಹೋಗು. ಎಲ್ಲರಿಗೂ ಇರೋ ಪದ್ಧತಿ ತಾನೇ? ನಿನಗೇನು ಬೇರೆ ಬಾಗಿಲಾ?" ಅಂದು ಕಣ್ಣು ಸಂದಿಯಿಂದ ಹೋಯಿತು.

ಕಿರಿಸೊಸೆ ಸಾಲಿನಲ್ಲಿ ನಿಂತಳು. ಕೈಯಲ್ಲಿ ಹಿಡಿ ಹಸಿಹುಲ್ಲು. ಮುಂದೆ ಮದುವೆ ದಲ್ಲಾಳಿ, ಅವನ ಮುಂದೆ ತೊಟ್ಟಿಲ ತಾಯಿ. ತೊಟ್ಟಿಲ ತಾಯಿಗೆ ತಡೆಯಲಾಗಲಿಲ್ಲ. ಹಗ್ಗ ಸಿಕ್ಕಿದ್ದೇ ತಡ, ಅಲ್ಲೇ ಕಂಕುಳಲ್ಲಿದ್ದ ಮಗುವಿಗೆ ಮೂಗು ತಾಗಿಸಿ "ನನ್ನ ಮುದ್ದು ಎಮ್ಮೆ! ನನ್ನ ಬಂಗಾರದ ಎಮ್ಮೆ!" ಅಂದಳು. ಮಗು ಬೊಚ್ಚುಬಾಯಿ ಬಿಟ್ಟು ನಕ್ಕಿತು. ಸಾಲಿನವರೆಲ್ಲ ನಕ್ಕರು. ಹಿರಿಸೊಸೆ ಬಾಗಿಲಲ್ಲಿ ನಿಂತು, ಎಲ್ಲ ತನ್ನದೇ ಅನ್ನುವ ಹಾಗೆ, ಕಿರಿಸೊಸೆಯ ಕಡೆ ನೋಡಿಯೂ ನೋಡದ ಹಾಗೆ ನಕ್ಕಳು.

ಆ ನಗು ಸಾಕಾಯಿತು. ಕಿರಿಸೊಸೆ ಹುಲ್ಲು ಅಲ್ಲೇ ಚೆಲ್ಲಿ ಸಾಲು ಬಿಟ್ಟು ಮನೆಗೆ ಬಂದಳು. ಸಾಲಿನಲ್ಲಿ ಅವಳ ಮುಂದೆ ಇದ್ದವನು ಒಬ್ಬನೇ. ಅವನೊಬ್ಬ ಸರಿದಿದ್ದರೆ ಹಗ್ಗ ಅವಳ ಕೈಗೆ ಬರುತ್ತಿತ್ತು.

ಕೊಟ್ಟಿಗೆಯಲ್ಲಿ ಕರು ಮಲಗಿತ್ತು. ಕೂಗುವುದನ್ನೂ ಬಿಟ್ಟಿತ್ತು. ಅವಳು ಪಕ್ಕದಲ್ಲಿ ಕೂತು ಗೂಟದಲ್ಲಿದ್ದ ಹಗ್ಗ ಬಿಚ್ಚಿ ಕೈಗೆ ಸುತ್ತಿಕೊಂಡಳು. ಆಸೆಪಟ್ಟು ತಂದದ್ದಲ್ಲವೇ. "ಹಸು," ಅಂದಳು. "ಹಸು, ಹಸು, ಹಸು." ಕರು ತಲೆ ಎತ್ತಿತು. ಅವಳ ಕೈಯನ್ನು ಮೂಸಿತು. ಮಣಿಕಟ್ಟಿನಿಂದ ಇಳಿಬಿದ್ದಿದ್ದ ಹಗ್ಗದ ತುದಿಯನ್ನು ಬಾಯಿಗೆ ತೆಗೆದುಕೊಂಡು ಚೀಪಲು ಶುರುಮಾಡಿತು. ಕಣ್ಣು ಮುಚ್ಚಿ, ಬಾಲ ಆಡಿಸುತ್ತ, ಗಂಟಲು ಏರಿಸಿ ಇಳಿಸುತ್ತ ಚೀಪಿತು. ಕುಂಕುಮದ ಹೆಸರು, ಮಲ್ಲಿಗೆಯ ಹೆಸರು, ಊರೆಲ್ಲ ದೀಪ ಹಚ್ಚಿದ ಹೆಸರು. ಒಂದು ಹನಿ ಬರಲಿಲ್ಲ. ಕರು ಚೀಪುತ್ತಲೇ ಇತ್ತು.

ಕಿರಿಸೊಸೆ ಕರುವನ್ನು ಎತ್ತಿ ಹೆಗಲಿಗೆ ಹಾಕಿಕೊಂಡಳು. ಹುಲ್ಲು ತೆಗೆದುಕೊಳ್ಳಲಿಲ್ಲ, ಸಾಲು ನೋಡಲಿಲ್ಲ. ಹಿರಿಸೊಸೆಯ ಬಾಗಿಲಿಗೆ ಹೋಗಿ ಕಾಲಿನಿಂದ ಒದ್ದಳು.

"ಯಾರದು?"

"ನಾನು."

"ಏನು ಬೇಕು? ಹೆಸರು ಹೇಳು."

"ಕರು," ಅಂದಳು ಕಿರಿಸೊಸೆ. "ಕರು ಹಸಿದಿದೆ ಅಕ್ಕ."

ಆ ಮಾತಿಗೆ ಹಗ್ಗ ಇರಲಿಲ್ಲ, ಹುಲ್ಲು ಕೇಳುವ ಹಾಗಿರಲಿಲ್ಲ. ಅಗಳಿ ಸರಿಯಿತು.

ಒಳಗೆ ಎಮ್ಮೆ ನಿಂತಿತ್ತು. ಕೆಚ್ಚಲು ಬಿಗಿದು ಹೊಳೆಯುತ್ತಿತ್ತು. ಅದರ ಸುತ್ತ ರಂಗೋಲಿ ಇರಲಿಲ್ಲ, ದೀಪ ಇರಲಿಲ್ಲ. ಸಗಣಿ ಬಿದ್ದಿತ್ತು, ಅದನ್ನು ಯಾರೂ ಎತ್ತಿರಲಿಲ್ಲ. ಹಿರಿಸೊಸೆಯ ಸೀರೆಯ ಅಂಚಿಗೂ ಸಗಣಿ ಮೆತ್ತಿತ್ತು.

"ನೀನು ಬದಲಾಯಿಸಿದ್ದು ಹಗ್ಗ ಒಣಗಿದ ದಿನವೇ ಗೊತ್ತಾಯ್ತು ಕಣೆ," ಅಂದಳು ಹಿರಿಸೊಸೆ. "ಕೈಗೆತ್ತಿಕೊಂಡ ತಕ್ಷಣ ಭಾರ ಇತ್ತು. ನನ್ನ ಹಗ್ಗ ಯಾವತ್ತೂ ಭಾರ ಇರಲಿಲ್ಲ."

"ಗೊತ್ತಿದ್ದೂ ಸುಮ್ಮನಿದ್ದೆಯಾ?"

"ಮತ್ತೆ? ದಿನಾ ಬೆಳಗ್ಗೆ ಗೋಡೆಯಾಚೆ ನಿನ್ನ ಚೊಂಬಿಗೆ ಹಾಲು ಬೀಳೋ ಸದ್ದು. ಮೊದಲು ಚುಯ್ ಚುಯ್ ಅಂತ, ಆಮೇಲೆ ನೊರೆ ಬಂದು ಮೆತ್ತಗೆ. ಇಲ್ಲಿ ನಾನು ಖಾಲಿ ಗೂಟಕ್ಕೆ ಬಾರಮ್ಮ ಬಾರಮ್ಮ ಅಂತ ಹಾಡು ಹೇಳಬೇಕು. ಒಂದು ದಿನ, ಒಂದೇ ದಿನ ಯಾರಾದರೂ ಬಂದು ಈ ನೆಲ ಗಲೀಜು ಮಾಡಿದ್ದರೆ ಸಾಕಿತ್ತು ನನಗೆ."

"ಹಾಲು ಬೇಕಿದ್ದರೆ ಕೇಳಬಾರದಿತ್ತಾ?"

"ಯಾವ ಹಾಲು ಅಂತ ಕೇಳಲಿ? ಹೇಳೋಕೆ ನಿನ್ನ ಹಗ್ಗ ಬೇಕು. ಬೈಯೋರ ಸಾಲಲ್ಲಿ ಮೇಷ್ಟ್ರ ಹಿಂದೆ ನಾನು ನಿಲ್ಲಲಾ?" ಹಿರಿಸೊಸೆ ಮೂಗು ಸೀಟಿದಳು. "ನೀನಾಗಿ ಒಂದು ಲೋಟ ತಂದುಕೊಟ್ಟೆಯಾ? ದೀಪಕ್ಕೆ ತುಪ್ಪ ಕೊಟ್ಟೆ, ಊರಿಗೆ ಕಾಣಿಸಲಿ ಅಂತ. ನನಗೆ ಅಂತ ಒಂದು ಲೋಟ?"

ಕಿರಿಸೊಸೆ ಹೆಗಲ ಮೇಲಿನ ಕರುವನ್ನು ಬಾಗಿಲ ಬಳಿ ಕೆಳಗಿಳಿಸಿದಳು. ಇಷ್ಟು ವರ್ಷ ಅವಳು ಗೋಡೆಗೆ ಕಿವಿಯಿಟ್ಟ ಜಾಗದಲ್ಲೇ ಆಚೆಯಿಂದ ಇನ್ನೊಂದು ಕಿವಿ ಇತ್ತು. ನಡುವೆ ಇದ್ದದ್ದು ಒಂದು ಇಟ್ಟಿಗೆ.

"ಹಗ್ಗ ಕೊಡು ಅಕ್ಕ. ಕರು ಸಾಯುತ್ತೆ."

"ಕೊಡಲ್ಲ," ಅಂದಳು ಹಿರಿಸೊಸೆ. "ಕೊಟ್ಟರೆ ಕರಕೊಂಡು ಹೋಗಿಬಿಡ್ತೀಯ."

"ಕೊಡದಿದ್ದರೆ ಇಳಿಸಲ್ಲ."

"ಗೊತ್ತು."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಎಮ್ಮೆ ಇಬ್ಬರನ್ನೂ ನೋಡಿತು. ಆಮೇಲೆ ಹಿರಿಸೊಸೆ ತನ್ನ ಮಣಿಕಟ್ಟಿನ ಹಗ್ಗವನ್ನು ಒಂದು ಸುತ್ತು ಸಡಿಲ ಮಾಡಿದಳು. ಬಿಚ್ಚಲಿಲ್ಲ. ಉಳಿದ ತುದಿಯನ್ನು ಕಿರಿಸೊಸೆಯ ಮಣಿಕಟ್ಟಿಗೆ ಸುತ್ತಿದಳು. ಕೈಗೆ ಕೈ ಕಟ್ಟಿಹಾಕಿದ ಕಳ್ಳಿಯರ ಹಾಗೆ ಇಬ್ಬರೂ ಎಮ್ಮೆಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತರು. ಹಿರಿಸೊಸೆ ಕಿವಿಯ ಕಡೆ, ಕಿರಿಸೊಸೆ ಕೆಚ್ಚಲ ಕಡೆ.

"ಎಮ್ಮೆ," ಅಂದಳು ಹಿರಿಸೊಸೆ.

"ನಮ್ಮವ್ವ, ಇಳಿಸೇ," ಅಂದಳು ಕಿರಿಸೊಸೆ.

ಎಮ್ಮೆ ಉದ್ದಕ್ಕೆ ಉಸಿರು ಬಿಟ್ಟು ಹಾಲು ಇಳಿಸಿತು. ಕರು ಓಡಿಬಂದು, ಬಿದ್ದು, ಎದ್ದು, ಬಾಯಿ ಹಾಕಿತು. ಕರುವಿನ ಹೊಟ್ಟೆ ತುಂಬಿದ ಮೇಲೂ ಕೆಚ್ಚಲು ತುಂಬಿತ್ತು. ಕಿರಿಸೊಸೆ ಅಕ್ಕನ ಕೈ ಹಿಡಿದು ಮೊಲೆಗೆ ಹಚ್ಚಿ, ಹೀಗಲ್ಲ ಹೀಗೆ, ಹೆಬ್ಬೆರಳು ಮಡಿಸು, ಅಂತ ತೋರಿಸಿದಳು. ಹಿರಿಸೊಸೆಯ ಚೊಂಬಿನಲ್ಲಿ ಚುಯ್ ಅಂತು. ಆಮೇಲೆ ಮೆತ್ತಗಾಯಿತು. ಇಬ್ಬರೂ ಒಂದೊಂದು ಚೊಂಬು ಕರೆದರು. ಹಿರಿಸೊಸೆಯ ಚೊಂಬಿನಲ್ಲಿ ನೊರೆ ಒಂದು ಬೆರಳು ಎತ್ತರ ಬಂತು. ಅದನ್ನು ನೋಡಿ ಕಿರಿಸೊಸೆಯ ಹೊಟ್ಟೆ ಸ್ವಲ್ಪ ಉರಿಯಿತು. ಸ್ವಲ್ಪವೇ.

ಅವತ್ತಿನಿಂದ ಹೊಗಳುವವರೂ ಬೈಯುವವರೂ ಒಂದೇ ಬಾಗಿಲಿಗೆ ಬರಬೇಕಾಯಿತು. ಕಿರಿಸೊಸೆ ತನ್ನ ಗೂಟವನ್ನೇ ಕಿತ್ತು, ಹಗ್ಗದ ಸಮೇತ ಅಲ್ಲಿಗೆ ತಂದು ನೆಟ್ಟಿದ್ದಳು. ಎರಡು ಹಗ್ಗವೂ ಒಂದೇ ಕೊಟ್ಟಿಗೆಯಲ್ಲಿ, ಯಾವುದು ಹೊಗಳಿಕೆಯದು ಯಾವುದು ಬೈಗುಳದ್ದು ಅಂತ ಯಾರಿಗೂ ತಿಳಿಯದು. ಮೇಷ್ಟ್ರು ಬಹಳ ಹೊತ್ತು ಬಾಗಿಲಲ್ಲೇ ನಿಂತು, ಒಂದು ಲೋಟ ಮಜ್ಜಿಗೆ ಕುಡಿದು, ಬರಿಗೈಯಲ್ಲಿ ಸ್ಕೂಲಿಗೆ ಹೋದರು. ಆ ದಿನ ಹಿಂದಿನ ಬೆಂಚಿನವರ ಹೆಸರನ್ನೇ ಹಿಡಿದು ಕರೆದರಂತೆ. ಅವರಿಗೂ ಹೆಸರಿದೆ ಅಂತ ಅವತ್ತೇ ಗೊತ್ತಾದದ್ದು.

ಚೆನ್ನಾಗಿದೆಯಲ್ಲ? ಈ ಕೊನೆ ನಾನು ಕಟ್ಟಿದ್ದು.

ನನಗೆ ಈ ಕತೆ ಹೇಳಿದವರು ಅಗಳಿ ಸರಿದ ಮೇಲೆ ಬೇರೆ ಥರ ಮುಗಿಸಿದ್ದರು. ಹಿರಿಸೊಸೆ ಹಗ್ಗ ಬಿಡಲಿಲ್ಲವಂತೆ, ಕಿರಿಸೊಸೆ ಇನ್ನೊಂದು ತುದಿ ಹಿಡಿದು ಎಳೆದಳಂತೆ, ಇಬ್ಬರೂ ಇವತ್ತಿಗೂ ಎಳೆಯುತ್ತಲೇ ಇದ್ದಾರಂತೆ. ಎಮ್ಮೆ ಬೇಸತ್ತು ಕೆರೆಗೆ ಹೋಗಿ, ಮೂಗು ಮಾತ್ರ ಮೇಲಿಟ್ಟು ಮಲಗಿದೆಯಂತೆ. ಯಾವ ಹೆಸರು ಹಿಡಿದು ಕರೆದರೂ ಕಿವಿ ಅಲ್ಲಾಡಿಸುತ್ತೆ, ಎದ್ದು ಬರಲ್ಲ. ಹಾಗಾದರೆ ಕರು ಏನಾಯ್ತು ಅಂತ ಕೇಳಿದೆ. ಅದು ಕತೆಯಲ್ಲಿ ಇಲ್ಲ ಅಂದರು.

ಇಲ್ಲ ಅಂದರೆ ಹೇಗೆ? ಅದಕ್ಕೇ ಸೇರಿಸಿದೆ. ನನ್ನ ಕೊನೆ ನಿಮಗೆ ಹಿಡಿಸದಿದ್ದರೆ ಕಿತ್ತು ಬಿಸಾಕಿ, ನಿಮ್ಮದೇ ಒಂದು ಕಟ್ಟಿಕೊಳ್ಳಿ. ಆದರೆ ಮೊದಲು ಕರುವಿಗೆ ಹಾಲು ಬಿಡಿ.